ಸೀರೆ ಯಾರದು, ಚಿತ್ರ ಯಾರದು: ಜಾಲತಾಣ ಕಟ್ಟುವ ನೇಕಾರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಇಳಕಲ್, ಗುಳೇದಗುಡ್ಡ, ಮೊಳಕಾಲ್ಮುರುಗಳ ನೇಕಾರರ ಸಹಕಾರ ಸಂಘಗಳ ಪದಾಧಿಕಾರಿಗಳಿಗೆ, ಸೀರೆ ಮತ್ತು ಖಣದ ವ್ಯಾಪಾರಿಗಳಿಗೆ, ಹಾಗೂ ಅವರಿಗಾಗಿ ಜಾಲತಾಣ ರೂಪಿಸಿಕೊಡುವವರಿಗೆ.

ವಿಷಯ: ವ್ಯಾಪಾರದ ಜಾಲತಾಣಗಳಲ್ಲಿ ಇತರರ ಬೌದ್ಧಿಕ ಆಸ್ತಿಯನ್ನು ಬಳಸುವ ಕುರಿತು.

ಮಾನ್ಯರೇ,

ಇಳಕಲ್ ಸೀರೆ, ಮೊಳಕಾಲ್ಮುರು ಸೀರೆ, ಗುಳೇದಗುಡ್ಡ ಖಣ, ಕಸೂತಿ ಎಂಬ ಹೆಸರುಗಳಿಗೆ ಇಂದು ಕಾನೂನಿನ ಕಾವಲಿದೆ. ಒಂದು ಸರಕಿನ ಗುಣವೋ ಕೀರ್ತಿಯೋ ಅದು ಹುಟ್ಟಿದ ನೆಲಕ್ಕೆ ಅಂಟಿಕೊಂಡಿದ್ದರೆ ಆ ನೆಲದ ಹೆಸರನ್ನು ಬೇರೆಡೆಯ ಸರಕಿಗೆ ಅಂಟಿಸಿ ಮಾರುವಂತಿಲ್ಲ ಎನ್ನುವುದು ಭೌಗೋಳಿಕ ಸೂಚಕ, ಅಂದರೆ ಜನರ ಮಾತಿನ ಜಿಐ ಟ್ಯಾಗ್, ಎಂಬ ಹಕ್ಕಿನ ತಿರುಳು; ಇದಕ್ಕಾಗಿ ಸಂಸತ್ತು 1999ರಲ್ಲಿ ಕಾಯ್ದೆಯೊಂದನ್ನು ಮಾಡಿತು, ಅದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು, ಅದರ ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಈ ಕಾವಲನ್ನು ನೇಕಾರರಿಗೆ ಯಾರೂ ದಾನವಾಗಿ ಕೊಟ್ಟದ್ದಲ್ಲ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆಗಳಂತೆ ಒಂದಕ್ಕೊಂದು ಸಿಕ್ಕಿಸಿ ಜೋಡಿಸುವ ತೋಪ್ ತೆನಿ ಸೆರಗಿನ ಕೆಲಸವನ್ನು ತಲೆಮಾರುಗಳಿಂದ ಕುಳಿಮಗ್ಗದ ಮುಂದೆ ಕೂತು ಉಳಿಸಿಕೊಂಡು ಬಂದವರು ಗಳಿಸಿಕೊಂಡ ಹಕ್ಕು ಅದು. ವಿದ್ಯುತ್ ಮಗ್ಗದಲ್ಲಿ ನೇಯ್ದ ಅಥವಾ ಬರಿಯ ಅಚ್ಚು ಒತ್ತಿದ ಬಟ್ಟೆಯನ್ನು ಇಳಕಲ್ ಸೀರೆಯೆಂದು ಮಾರುವುದನ್ನು ಕಂಡಾಗ ನೇಕಾರರಿಗೆ ಆಗುವ ಸಂಕಟವೂ, ಅದನ್ನು ತಡೆಯಬೇಕೆಂಬ ಅವರ ಬೇಡಿಕೆಯೂ ಪೂರ್ತಿ ನ್ಯಾಯವಾದವು.

ಆ ಬೇಡಿಕೆಯನ್ನು ಸಾರುವುದಕ್ಕೆಂದೇ ತೆರೆದ ಜಾಲತಾಣಗಳಲ್ಲಿ ಇನ್ನೊಬ್ಬರು ತೆಗೆದ ಸೀರೆಯ ಚಿತ್ರ, ಇನ್ನೊಂದು ತಾಣದಿಂದ ಎತ್ತಿಕೊಂಡ ಪರಿಚಯದ ಬರಹ, ಅನುಮತಿಯಿಲ್ಲದೆ ಹಾಕಿದ ಕವಿತೆ ಕಾಣಿಸಿಕೊಳ್ಳುತ್ತಿರುವುದು ಈ ಪತ್ರಕ್ಕೆ ಕಾರಣ. ಊರಿನ ಹೆಸರನ್ನು ಕದಿಯಬಾರದೆನ್ನುವ ಕಾನೂನೂ ಇನ್ನೊಬ್ಬರ ಚಿತ್ರವನ್ನು ಕದಿಯಬಾರದೆನ್ನುವ ಕಾನೂನೂ ಒಂದೇ ಬುಡದಿಂದ ಕವಲೊಡೆದವು. ಎರಡಕ್ಕೂ ಆಧಾರವಾಗಿರುವುದು ಕೈಯಿಂದಲೋ ಬುದ್ಧಿಯಿಂದಲೋ ದುಡಿದು ಹುಟ್ಟಿಸಿದ್ದರ ಮೇಲೆ ದುಡಿದವರಿಗೆ ಹಕ್ಕಿದೆ ಎಂಬ ನಂಬಿಕೆ. ಮೊದಲನೆಯದನ್ನು ನ್ಯಾಯಾಲಯದಲ್ಲಿ ಕೇಳುವವರು ಎರಡನೆಯದನ್ನು ತಮ್ಮದೇ ಪುಟದಲ್ಲಿ ಮುರಿದಿದ್ದರೆ ಎದುರು ಪಕ್ಷದ ವಕೀಲರ ಕೈಗೆ ತಾವಾಗಿಯೇ ಅಸ್ತ್ರವೊಂದನ್ನು ಕೊಟ್ಟಂತಾಗುತ್ತದೆ.

ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಎಂಬುದು ಬರಹ, ಚಿತ್ರ, ಛಾಯಾಚಿತ್ರ, ಸಂಗೀತ, ಧ್ವನಿಮುದ್ರಣ, ಚಲನಚಿತ್ರ, ಕಂಪ್ಯೂಟರ್ ಪ್ರೋಗ್ರಾಂ ಮೊದಲಾದವುಗಳನ್ನು ನಕಲು ಮಾಡುವ, ಪ್ರಕಟಿಸುವ, ಬದಲಿಸಿ ಬಳಸುವ ಹಕ್ಕು. ಭಾರತದಲ್ಲಿ ಇದನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಆಳುತ್ತದೆ. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಛಾಯಾಚಿತ್ರ ತೆಗೆದ ಕ್ಷಣಕ್ಕೇ, ಬರಹ ಬರೆದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ. ಚಿತ್ರದ ಮೂಲೆಯಲ್ಲಿ ವೃತ್ತದೊಳಗಿನ ‘ಸಿ’ ಅಕ್ಷರವಿಲ್ಲ, ತೆಗೆದವರ ಹೆಸರಿಲ್ಲ, ಗೂಗಲ್‌ನಲ್ಲಿ ಹುಡುಕಿದಾಗ ಸಿಕ್ಕಿತು ಎಂಬ ಮೂರು ಮಾತುಗಳನ್ನು ವ್ಯಾಪಾರಿಗಳು ಸಮರ್ಥನೆಯಾಗಿ ಮುಂದಿಡುತ್ತಾರೆ. ಈ ಮೂರರಲ್ಲಿ ಒಂದೂ ನಿಲ್ಲುವುದಿಲ್ಲ, ಏಕೆಂದರೆ ಹುಡುಕುಯಂತ್ರವು ಚಿತ್ರ ಎಲ್ಲಿದೆ ಎಂದು ತೋರಿಸುತ್ತದೆಯೇ ಹೊರತು ಅದನ್ನು ಬಳಸಲು ಅಪ್ಪಣೆ ಕೊಡುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ಹುಟ್ಟಿದ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗೊತ್ತಿದ್ದೂ ಕೃತಿಸ್ವಾಮ್ಯ ಮುರಿದವರಿಗೆ ಕಾಯ್ದೆಯ 63ನೇ ಕಲಮು ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವನ್ನೂ ಹೇಳುತ್ತದೆ. ಇದು ಪೊಲೀಸರು ವಾರಂಟ್ ಇಲ್ಲದೆಯೇ ಕ್ರಮ ಕೈಗೊಳ್ಳಬಹುದಾದ, ಜಾಮೀನು ರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಿದೆ. ನಿಜಕ್ಕೂ ತಿಳಿಯದೆ ಬಳಸಿದವರ ವಿಷಯದಲ್ಲಿ ಕಾನೂನು ಮೃದುವಾಗುತ್ತದೆ. ಆಗಲೂ ತಡೆಯಾಜ್ಞೆ ತಪ್ಪುವುದಿಲ್ಲ, ಅದರಿಂದ ಬಂದ ಲಾಭಕ್ಕೆ ಲೆಕ್ಕ ಒಪ್ಪಿಸಬೇಕಾಗಿಯೂ ಬರಬಹುದು. ದಸರಾ, ದೀಪಾವಳಿಗಳ ವ್ಯಾಪಾರದ ನಡುವೆ ಪುಟಗಳು ಮುಚ್ಚಿಹೋಗುವ ನಷ್ಟ ಸಣ್ಣ ಸಂಘವೊಂದಕ್ಕೆ ದಂಡಕ್ಕಿಂತ ಭಾರವಾದೀತು.

ಹಕ್ಕು ಯಾವುದರ ಮೇಲೆ ಇದೆ, ಯಾವುದರ ಮೇಲೆ ಇಲ್ಲ ಎಂಬುದನ್ನು ಇಲ್ಲಿ ಬಿಡಿಸಿಕೊಳ್ಳಬೇಕು, ಏಕೆಂದರೆ ಅತಿಯಾದ ಭಯವೂ ಅಜ್ಞಾನದಷ್ಟೇ ಕೆಟ್ಟದ್ದು. ಇಳಕಲ್ ಸೀರೆಯ ಗೋಮಿ ದಡಿಯನ್ನಾಗಲಿ, ಕಸೂತಿಯ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆಗಳನ್ನಾಗಲಿ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನಾಗಲಿ ಯಾವ ಒಬ್ಬ ವ್ಯಾಪಾರಿಯೂ ತನ್ನ ಕೃತಿಸ್ವಾಮ್ಯವೆಂದು ಹೇಳಿಕೊಳ್ಳಲಾರ. ಅವು ಪರಂಪರೆಯ ಸ್ವತ್ತು. ಆದರೆ ಅದೇ ಗೋಮಿ ದಡಿಯ ಸೀರೆಯನ್ನು ಬೆಳಕು ನೋಡಿ, ಮಡಿಕೆಗಳನ್ನು ಜೋಡಿಸಿ, ಸೆರಗಿನ ಕೆಂಪು ಕಣ್ಣಿಗೆ ಸರಿಯಾಗಿ ಬೀಳುವಂತೆ ತೆಗೆದ ಛಾಯಾಚಿತ್ರದ ಮೇಲೆ ಹಕ್ಕಿದೆ. ಹೀಗಾಗಿ ಇಬ್ಬರು ವ್ಯಾಪಾರಿಗಳು ಒಂದೇ ಮಗ್ಗದಿಂದ ಇಳಿದ, ಒಂದನ್ನೊಂದು ಹೋಲುವ ಎರಡು ಸೀರೆಗಳನ್ನು ಮಾರುತ್ತಿದ್ದರೂ ಒಬ್ಬರ ಚಿತ್ರವನ್ನು ಇನ್ನೊಬ್ಬರು ಬಳಸುವಂತಿಲ್ಲ. ಅದರಲ್ಲಿ ಗಿರಾಕಿಗೂ ಮೋಸವಿದೆ, ಏಕೆಂದರೆ ಕೈಮಗ್ಗದ ಒಂದು ಸೀರೆ ಇನ್ನೊಂದರ ಪಡಿಯಚ್ಚಾಗಿರುವುದಿಲ್ಲ.

ಹೊಸದಾಗಿ ವಿನ್ಯಾಸ ಮಾಡುವವರು ಗಮನಿಸಬೇಕಾದ ಇನ್ನೊಂದು ಮಾತು ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಲ್ಲಿದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವೊಂದನ್ನು ನೋಂದಾಯಿಸದೆ, ಮಾಲೀಕರೋ ಅವರ ಒಪ್ಪಿಗೆ ಪಡೆದವರೋ ಕೈಗಾರಿಕಾ ವಿಧಾನದಲ್ಲಿ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯವೂ ಮುಗಿದುಹೋಗುತ್ತದೆ. ಆದ್ದರಿಂದ ಹೊಸ ದಡಿಯನ್ನೋ ಬುಟ್ಟಾವನ್ನೋ ರೂಪಿಸಿದ ಸಂಘ ಅದನ್ನು ಜಾಲತಾಣದಲ್ಲಿ ಹಾಕುವ ಮೊದಲೇ ನೋಂದಣಿಗೆ ಅರ್ಜಿ ಕೊಡುವುದು ಒಳಿತು. ಒಮ್ಮೆ ಪ್ರಕಟವಾದ ವಿನ್ಯಾಸ ಹೊಸದೆನಿಸದೆ ನೋಂದಣಿಯ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ.

ಸಂಘಗಳು ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗವೆಂದರೆ ದುಡ್ಡು ಕೊಟ್ಟು ಮಾಡಿಸಿದ್ದೆಲ್ಲ ತಮ್ಮದೇ ಎಂಬ ತಿಳಿವಳಿಕೆ. ಕಾನೂನು ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಂಭಾವನೆ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ. ಹೀಗಾಗಿ ಸಂಘವು ಫೋಟೋಗ್ರಾಫರ್ ಒಬ್ಬರನ್ನು ಕರೆಸಿ ಹಣ ಕೊಟ್ಟು ಸೀರೆಗಳ ಚಿತ್ರ ತೆಗೆಸಿದ್ದರೆ ಆ ಚಿತ್ರಗಳು ಸಾಮಾನ್ಯವಾಗಿ ಸಂಘದವು. ಬರಹ ಮತ್ತು ಕಂಪ್ಯೂಟರ್ ಕೋಡ್‌ಗೆ ಈ ರಿಯಾಯಿತಿ ಇಲ್ಲ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದುಕೊಟ್ಟದ್ದು ಸಂಸ್ಥೆಯದಾಗುತ್ತದೆ ನಿಜ. ಆದರೆ ಹೊರಗಿನವರೊಬ್ಬರಿಗೆ ಗುತ್ತಿಗೆ ಕೊಟ್ಟು ಬರೆಸಿದ ಪರಿಚಯ ಲೇಖನವಾಗಲಿ, ಕಟ್ಟಿಸಿದ ಜಾಲತಾಣದ ಕೋಡ್ ಆಗಲಿ, ಬಿಲ್ಲು ಪೂರ್ತಿ ಪಾವತಿಯಾದ ಮೇಲೂ ಬರೆದವರದೇ ಆಗಿ ಉಳಿಯುತ್ತದೆ. ಅದು ಸಂಘದ್ದಾಗಬೇಕಾದರೆ ಹಕ್ಕು ವರ್ಗಾವಣೆ ಪತ್ರವೊಂದು ಬೇಕು, ಅದು ಲಿಖಿತವಾಗಿರಬೇಕು, ಹಕ್ಕು ಬಿಟ್ಟುಕೊಡುವವರ ಸಹಿ ಅದರಲ್ಲಿರಬೇಕು. ಫೋನಿನಲ್ಲಿ ಆಡಿದ ಮಾತು ಇದಕ್ಕೆ ಸಾಲದು.

ಆ ಪತ್ರದಲ್ಲಿ ಬಿಟ್ಟುಹೋಗುವ ಎರಡು ಸಾಲುಗಳು ಮುಂದೆ ತೊಂದರೆ ತರುತ್ತವೆ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ 19ನೇ ಕಲಮು ತಿಳಿಯುತ್ತದೆ. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಸೀರೆ ಮಾರಲು ಬಯಸುವ ಸಂಘವೊಂದು ಐದು ವರ್ಷದ ಬಳಿಕ ತನ್ನದೇ ತಾಣದ ಬರಹಕ್ಕಾಗಿ ಬರೆದವರ ಬಾಗಿಲಿಗೆ ಹೋಗಿ ನಿಲ್ಲುವಂತಾಗಬಾರದಲ್ಲವೇ? ಅದೇ ಕಲಮಿನಲ್ಲಿ, ವರ್ಗಾಯಿಸಿದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಒಪ್ಪಂದದಲ್ಲಿ ಬೇರೆ ಮಾತಿದ್ದರೆ ಮಾತ್ರ ಉಳಿಯುತ್ತದೆ ಎಂಬ ನಿಯಮವೂ ಇದೆ. ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟ ಮೇಲೂ ಕೃತಿಕಾರರಲ್ಲಿ ಒಂದು ಹಕ್ಕು ಉಳಿಯುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಈ ಹಕ್ಕನ್ನು ಕಾಯ್ದೆಯ 57ನೇ ಕಲಮು ಕಾಯುತ್ತದೆ.

ಜಾಲತಾಣ ರೂಪಿಸಿಕೊಡುವವರ ಹೊಣೆಯೂ ಇಲ್ಲಿ ಕಡಿಮೆಯದಲ್ಲ. ಬಹುತೇಕ ಸಣ್ಣ ತಾಣಗಳು ವರ್ಡ್‌ಪ್ರೆಸ್‌ನ ಮೇಲೆ ನಿಂತಿವೆ. ಅದು ಮುಕ್ತ ಪರವಾನಗಿಯ ತಂತ್ರಾಂಶ, ಅದನ್ನು ಬಳಸಲು ಹಣ ಕೊಡಬೇಕಾಗಿಲ್ಲ. ಅದರ ಮೇಲೆ ಹೊದಿಸುವ ಥೀಮ್‌ಗಳಲ್ಲಿ, ಅಂದರೆ ಪುಟದ ಸಿದ್ಧ ವಿನ್ಯಾಸಗಳಲ್ಲಿ, ಹಲವು ಹಣಕ್ಕೆ ಸಿಗುವಂಥವು, ಒಂದು ಪರವಾನಗಿ ಒಂದೇ ತಾಣಕ್ಕೆ ಎಂಬ ಷರತ್ತು ಉಳ್ಳವು. ಅವುಗಳ ಬೀಗ ಮುರಿದ ಪ್ರತಿಗಳನ್ನು ಹಾಕಿಕೊಟ್ಟು ಅಸಲಿನ ಬೆಲೆ ವಸೂಲು ಮಾಡುವುದು ಗಿರಾಕಿಗೂ ಥೀಮ್ ಬರೆದವರಿಗೂ ಏಕಕಾಲಕ್ಕೆ ಮಾಡುವ ದ್ರೋಹ. ಇಂಥ ಪ್ರತಿಗಳೊಳಗೆ ಗಿರಾಕಿಗಳ ಮಾಹಿತಿ ಕದಿಯುವ ಕೋಡ್ ಅಡಗಿರುವ ಅಪಾಯವೂ ಇದೆ. ಅಕ್ಷರಗಳ ವಿಷಯದಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಮುಂತಾದ ಫಾಂಟ್‌ಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂಬ ಪರವಾನಗಿಯಡಿ ಸಿಗುತ್ತವೆ, ವ್ಯಾಪಾರದ ತಾಣದಲ್ಲಿಯೂ ಬಳಸಬಹುದು. ವಿಂಡೋಸ್‌ನೊಂದಿಗೆ ಬರುವ ತುಂಗಾ ಫಾಂಟ್ ಗಣಕದಲ್ಲಿದೆ ಎಂದ ಮಾತ್ರಕ್ಕೆ ಅದರ ಕಡತವನ್ನು ತಾಣದ ಸರ್ವರ್‌ಗೆ ಏರಿಸಿ ಹಂಚಲು ಅನುಮತಿ ಇದೆಯೆಂದು ತಿಳಿಯಬಾರದು.

ಮುಕ್ತ ಪರವಾನಗಿ ಎಂಬ ಮಾತನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಪ್ರಾಮಾಣಿಕರೂ ತಪ್ಪುವುದು ಇಲ್ಲಿ. ಇಳಕಲ್ ಸೀರೆಯ ತಾಣದ ಮೊದಲ ಪುಟಕ್ಕೆ ಬಾದಾಮಿಯ ಅಗಸ್ತ್ಯತೀರ್ಥದ ಚಿತ್ರ ಬೇಕಾಯಿತೆಂದು ಇಟ್ಟುಕೊಳ್ಳಬಹುದು. ವಿಕಿಮೀಡಿಯಾ ಕಾಮನ್ಸ್ ಎಂಬ ಮುಕ್ತ ಭಂಡಾರದಲ್ಲಿ ಅಂಥ ಚಿತ್ರಗಳು ದೊರೆಯುತ್ತವೆ, ಪ್ರತಿ ಚಿತ್ರದ ಕೆಳಗೂ ಚೌಕವೊಂದರಲ್ಲಿ ತೆಗೆದವರ ಹೆಸರು ಮತ್ತು ಪರವಾನಗಿಯ ಹೆಸರು ಇರುತ್ತವೆ. ಹೆಚ್ಚಿನವು ಕ್ರಿಯೇಟಿವ್ ಕಾಮನ್ಸ್ ಎಂಬ, 2002ರ ಡಿಸೆಂಬರ್‌ನಲ್ಲಿ ಮೊದಲು ಹೊರಬಂದ ಪರವಾನಗಿ ಮಾಲೆಗೆ ಸೇರಿದವು. ಅಲ್ಲಿ ಸಿಸಿ ಬಿವೈ ಎಸ್‌ಎ 4.0 ಎಂದಿದ್ದರೆ ವ್ಯಾಪಾರಕ್ಕೂ ಬಳಸಬಹುದು, ಹಣ ಕೊಡಬೇಕಾಗಿಲ್ಲ. ಆದರೆ ತೆಗೆದವರ ಹೆಸರು ಹಾಕಬೇಕು, ಪರವಾನಗಿಯ ಹೆಸರನ್ನೂ ಅದರ ಕೊಂಡಿಯನ್ನೂ ಕೊಡಬೇಕು, ಚಿತ್ರದ ಅಂಚು ಕತ್ತರಿಸಿದ್ದರೆ ಅಥವಾ ಬಣ್ಣ ಬದಲಿಸಿದ್ದರೆ ಹಾಗೆಂದು ಹೇಳಬೇಕು, ಬದಲಿಸಿ ಮಾಡಿದ ಚಿತ್ರವನ್ನು ಹಂಚುವಾಗ ಅದೇ ಷರತ್ತಿನಲ್ಲಿ ಹಂಚಬೇಕು. ಪರವಾನಗಿಯ ಹೆಸರಿನಲ್ಲಿ ಎನ್‌ಸಿ ಎಂಬ ಅಕ್ಷರಗಳಿದ್ದರೆ ಅದು ವಾಣಿಜ್ಯೇತರ ಬಳಕೆಗೆ ಮಾತ್ರ. ಸೀರೆ ಮಾರುವ ಪುಟಕ್ಕೆ ಅದು ಸಲ್ಲದು. ಎನ್‌ಡಿ ಎಂದಿದ್ದರೆ ಬದಲಾಯಿಸಿದ ರೂಪವನ್ನು ಪ್ರಕಟಿಸುವಂತಿಲ್ಲ. ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರದ ಒಂದೇ ಸಾಲಿನಲ್ಲಿ ಮುಗಿಯುವ ಈ ಸೌಜನ್ಯವನ್ನು ತಪ್ಪಿಸಿದರೆ ಪರವಾನಗಿಯೇ ರದ್ದಾಗುತ್ತದೆ. 4.0 ಆವೃತ್ತಿಯಲ್ಲಿ ಒಂದು ಔದಾರ್ಯವಿದೆ: ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮರಳುತ್ತದೆ. ಈಗಾಗಲೇ ತಾಣ ಕಟ್ಟಿಕೊಂಡಿರುವವರು ಇಂದೇ ತಮ್ಮ ಪುಟಗಳನ್ನು ತೆರೆದು ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ನೇಕಾರರ ತಾಣಗಳಲ್ಲಿ ಕಾಣುವ ಸಾಹಿತ್ಯದ ಸಾಲುಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನ ವಚನಗಳನ್ನು ಹಾಕುವುದು ಸಹಜ, ಯೋಗ್ಯ. ಆ ವಚನಗಳು ಎಲ್ಲರ ಸ್ವತ್ತು. ಹೊರನಾಡಿನ ಗಿರಾಕಿಗಳಿಗೆಂದು ಅದರ ಕೆಳಗೆ ಇಂಗ್ಲಿಷ್ ಅನುವಾದ ಹಾಕುವಾಗ ಮಾತು ಬೇರೆಯಾಗುತ್ತದೆ. ಎ.ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ದಾಸಿಮಯ್ಯನ ವಚನಗಳ ಅನುವಾದಗಳಿವೆ, ವಚನ ಹಳೆಯದಾದರೂ ಅನುವಾದ ಹೊಸ ಕೃತಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದಿಂದ ಎಣಿಸಿದ 60 ವರ್ಷ ಇರುವುದರಿಂದ, 1993ರಲ್ಲಿ ನಿಧನರಾದ ರಾಮಾನುಜನ್ ಅವರ ಅನುವಾದಗಳು 2053ರ ಕೊನೆಯವರೆಗೆ ಹಕ್ಕುಳ್ಳವು. ಇದೇ ಲೆಕ್ಕದಲ್ಲಿ 1975ರಲ್ಲಿ ತೀರಿಕೊಂಡ ಡಿವಿಜಿಯವರ ಕಗ್ಗ 2035ರ ಕೊನೆಯವರೆಗೆ, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳು 2054ರ ಕೊನೆಯವರೆಗೆ ರಕ್ಷಿತ. ವಿಮರ್ಶೆಯಲ್ಲಿ ಒಂದೆರಡು ಸಾಲು ಉದ್ಧರಿಸುವುದಕ್ಕೆ ಕಾನೂನು ಅವಕಾಶ ಕೊಡುತ್ತದೆ. ಸರಕು ಮಾರುವ ಪುಟದ ನೆತ್ತಿಯ ಮೇಲೆ ಇಡೀ ಕವಿತೆಯನ್ನು ಅಲಂಕಾರಕ್ಕೆ ಇಡುವುದು ವಿಮರ್ಶೆಯಲ್ಲ. ಕನ್ನಡದ ಕವಿಗಳ ಮೇಲಿನ ಪ್ರೀತಿಯಿಂದಲೇ ಜನ ಹೀಗೆ ಮಾಡುತ್ತಾರೆಂಬುದು ನಿಜ, ಆ ಪ್ರೀತಿ ಗೌರವಕ್ಕೆ ಪಾತ್ರವಾದದ್ದು. ಹಕ್ಕುದಾರರಿಗೆ ಒಂದು ಪತ್ರ ಬರೆದು ಒಪ್ಪಿಗೆ ಕೇಳುವುದರಿಂದ ಅದಕ್ಕೆ ಕುಂದು ಬರುವುದಿಲ್ಲ.

ಇನ್ನು ಹೆಸರಿನ ಮಾತು. ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರಿಸುವ ಹೆಸರು ಅಥವಾ ಚಿಹ್ನೆಯೇ ಟ್ರೇಡ್‌ಮಾರ್ಕ್. 1999ರ ಇನ್ನೊಂದು ಕಾಯ್ದೆ ಅದನ್ನು ಕಾಯುತ್ತದೆ. ಜಾಲತಾಣದ ವಿಳಾಸವಾದ ಡೊಮೇನ್ ಹೆಸರಿಗೂ ಇದೇ ಬಗೆಯ ರಕ್ಷಣೆ ಉಂಟೆಂದು ಸ್ಥಿರಪಡಿಸಿದ ತೀರ್ಪಿನ ಬೇರು ಬೆಂಗಳೂರಿನಲ್ಲಿದೆ. ಸತ್ಯಂ ಇನ್ಫೋವೇ ಸಂಸ್ಥೆಯ ‘ಸಿಫಿ’ ಎಂಬ ಹೆಸರನ್ನೇ ಹೋಲುವ ಡೊಮೇನ್ ಹೆಸರುಗಳನ್ನು ಇನ್ನೊಂದು ಸಂಸ್ಥೆ ಪಡೆದಾಗ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ರದ್ದುಮಾಡಿ ತಡೆಯಾಜ್ಞೆಯನ್ನು ಮತ್ತೆ ಜಾರಿಗೊಳಿಸಿತು. ಇನ್ನೊಬ್ಬರ ಹೆಸರಿನ ನೆರಳಿನಲ್ಲಿ ತನ್ನ ಸರಕು ಸಾಗಿಸುವುದನ್ನು ತಡೆಯುವ ಹಳೆಯ ತತ್ತ್ವವೇ ಅಂತರ್ಜಾಲಕ್ಕೂ ಸಾಕು ಎಂಬುದು ಆ ತೀರ್ಪಿನ ಸಾರ. ಪಕ್ಕದ ಬೀದಿಯ ಹೆಸರಾಂತ ಅಂಗಡಿಯ ಹೆಸರಿಗೆ ಒಂದಕ್ಷರ ಸೇರಿಸಿ ವಿಳಾಸ ಪಡೆದುಕೊಳ್ಳುವ ಯೋಚನೆಯಲ್ಲಿರುವವರು ಈ ತೀರ್ಪನ್ನು ಓದಿಕೊಳ್ಳಬೇಕು. ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಚಿಹ್ನೆಗಳೂ ಅಲಂಕಾರದ ಚಿತ್ರಗಳಲ್ಲ. ಆಯಾ ಯೋಜನೆಯಲ್ಲಿ ನೋಂದಾಯಿತರಾದವರು, ಅರ್ಹವಾದ ಸರಕಿಗೆ ಮಾತ್ರ ಅವನ್ನು ಬಳಸಬೇಕು.

ಜಿಐ ಹೆಸರಿನ ಬಳಕೆಯಲ್ಲಿ ವ್ಯಾಪಾರಿಗಳಿಗೆ ಇರುವ ಗೊಂದಲಕ್ಕೆ ಉತ್ತರ ಜಿಐ ಕಾಯ್ದೆಯೊಳಗೇ ಇದೆ. ಹೆಸರನ್ನು ಬಳಸುವ ವಿಶೇಷ ಹಕ್ಕು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡ ಉತ್ಪಾದಕರದು. ಈ ಹಕ್ಕನ್ನು ಮಾರಲು, ಲೈಸೆನ್ಸ್ ಕೊಡಲು ಬರುವುದಿಲ್ಲ. ಅಧಿಕೃತ ಬಳಕೆದಾರರಲ್ಲದ ಅಂಗಡಿಕಾರರು ಅಸಲಿ ಸೀರೆಯನ್ನು ಕ್ರಮಬದ್ಧವಾಗಿ ಕೊಂಡು, ಅದನ್ನು ಕೆಡಿಸದೆ, ಅದೇ ಹೆಸರಿನಲ್ಲಿ ಮರುಮಾರಾಟ ಮಾಡುವುದು ತಪ್ಪಲ್ಲವೆಂದು 22ನೇ ಕಲಮು ಹೇಳುತ್ತದೆ. ಅಂದರೆ ಹುಬ್ಬಳ್ಳಿಯ ಅಂಗಡಿಯೊಂದು ಇಳಕಲ್ಲಿನ ನೇಕಾರರಿಂದ ಕೊಂಡ ಸೀರೆಯನ್ನು ಇಳಕಲ್ ಸೀರೆಯೆಂದೇ ತನ್ನ ತಾಣದಲ್ಲಿ ಬರೆಯಬಹುದು, ಆ ಕೊಳ್ಳುವಿಕೆಯ ರಸೀದಿಯನ್ನು ಕಾಪಿಟ್ಟುಕೊಳ್ಳುವುದು ಜಾಣತನ. ಬೇರೆಲ್ಲೋ ತಯಾರಾದ ಬಟ್ಟೆಯ ಪಕ್ಕದಲ್ಲಿ ‘ಇಳಕಲ್ ಮಾದರಿ’ ಎಂದು ಬರೆದು ಕೆಳಗೆ ಮಗ್ಗದ ಚಿತ್ರ ಹಾಕುವವರು ಕಾನೂನನ್ನು ಜಾರಿಸಿಕೊಂಡೆವೆಂದು ಭಾವಿಸಿದರೂ, ಗಿರಾಕಿಯನ್ನು ಹುಟ್ಟೂರಿನ ವಿಷಯದಲ್ಲಿ ದಾರಿ ತಪ್ಪಿಸುವುದೇ ಉಲ್ಲಂಘನೆಯ ಮೂಲ ಲಕ್ಷಣವಾದ್ದರಿಂದ, ಅವರು ಇಟ್ಟಿರುವ ಹೆಜ್ಜೆ ಗಟ್ಟಿ ನೆಲದ ಮೇಲಿಲ್ಲ.

ಕೊನೆಯದಾಗಿ ಮುಖಗಳ ವಿಷಯ. ಸಿನಿಮಾ ನಟಿಯರು ಸೀರೆಯುಟ್ಟ ಚಿತ್ರಗಳನ್ನು ತಾಣದಲ್ಲಿ ಹಾಕಿದರೆ ಛಾಯಾಚಿತ್ರದ ಹಕ್ಕಿನ ಜೊತೆಗೆ ಆ ವ್ಯಕ್ತಿಯ ಪ್ರಚಾರದ ಹಕ್ಕೂ, ಅಂದರೆ ತನ್ನ ಮುಖವನ್ನು ವ್ಯಾಪಾರಕ್ಕೆ ಬಳಸುವುದನ್ನು ನಿಯಂತ್ರಿಸುವ ಹಕ್ಕೂ, ಎದುರಾಗುತ್ತದೆ. ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ಜಾಹೀರಾತನ್ನು ನಕಲು ಮಾಡಿದ ಆಭರಣ ವ್ಯಾಪಾರಿಯ ವಿರುದ್ಧ ದೆಹಲಿ ಹೈಕೋರ್ಟ್ 2012ರಲ್ಲಿ ಕೊಟ್ಟ ತೀರ್ಪು ಇದಕ್ಕೆ ನಿದರ್ಶನ. ನಟಿಯರ ಪರವಾಗಿ ವಾದಿಸಲು ವಕೀಲರಿದ್ದಾರೆ. ಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಕೂತ ಮುದುಕಿಯ ಪರವಾಗಿ ಯಾರೂ ಇಲ್ಲ. ಅಂಥವರ ಮುಖ, ಸುಕ್ಕುಗಟ್ಟಿದ ಬೆರಳು, ಲಾಳಿ ಹಿಡಿದ ಕೈ ಈಗ ಎಷ್ಟೋ ತಾಣಗಳ ಮೊದಲ ಪುಟದಲ್ಲಿವೆ, ಅವರಿಗೆ ಅದು ಗೊತ್ತೂ ಇಲ್ಲ. ಪ್ರತಿ ಸಂಘವೂ ನೂಲಿನ ದಾಸ್ತಾನು ವಹಿಯ ಪಕ್ಕದಲ್ಲಿ ಜಾಲತಾಣಕ್ಕೊಂದು ವಹಿ ಇಟ್ಟು, ಪ್ರತಿ ಚಿತ್ರವೂ ಬರಹವೂ ಎಲ್ಲಿಂದ ಬಂತು, ಯಾರ ಒಪ್ಪಿಗೆ ಪಡೆಯಲಾಗಿದೆ, ಎಷ್ಟು ವರ್ಷಕ್ಕೆ ಎಂದು ಬರೆಯುತ್ತ ಬರಬೇಕು. ಆ ವಹಿಯ ಮೊದಲ ಪುಟ ನೇಕಾರರ ಒಪ್ಪಿಗೆಪತ್ರಗಳಿಗೆ ಮೀಸಲಾಗಬೇಕು. ಚಿತ್ರದ ಕೆಳಗೆ, ಅವರು ಬಯಸಿದರೆ, ಅವರ ಹೆಸರೂ ಸೀರೆ ನೇಯಲು ಹಿಡಿದ ದಿನಗಳ ಲೆಕ್ಕವೂ ಇರಲಿ. ಒಪ್ಪಿಗೆಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಅದನ್ನು ಮನೆಯವರೆದುರು ಓದಿ ಹೇಳಿ, ಬೇಡವೆನ್ನಲು ಅವಕಾಶ ಕೊಟ್ಟು, ಆಮೇಲೆಯೇ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯುವಂತಾಗಲಿ.

ವಿಶ್ವಾಸಪೂರ್ವಕವಾಗಿ,
ಕೈಮಗ್ಗದ ನೇಕಾರರ ಹಿತೈಷಿ